ರಾಲಿನ್ ಸಿಕ್ಕಿದ್ದು ರಸ್ತೆಯ ಯಾವ ಕಡೆ?

ಹತ್ತು ನಿಮಿಷದಲ್ಲಿ ಬರ್ತೀನಿ ಅಂತ ಹೋದವನು ಮಧ್ಯಾಹ್ನವಾದರೂ ಬಾರದಿದ್ದರೆ ತಾಯಿಯಾದವಳು ಮೊದಲು ಬೈಯುತ್ತಾಳೆ, ಆಮೇಲೆ ಕಿಟಕಿಯ ಹತ್ತಿರ ಹೋಗುತ್ತಾಳೆ, ಆಮೇಲೆ ಒಲೆ ಆರಿಸಿ ಚಪ್ಪಲಿ ಹುಡುಕುತ್ತಾಳೆ. ಸೇಂಟ್ ಲೂಯಿಸ್ ನಗರದ ಪಶ್ಚಿಮದ ಅಂಚಿನ ಬೀದಿಯಲ್ಲಿ ಒಡೆಸ್ಸಾ ಗೇನ್ಸ್ ಈ ಮೂರನ್ನೂ ಮಾಡಿ ಮುಗಿಸಿದ್ದಳು.

ಮಗ ರಾಲಿನ್‌ಗೆ ನಲವತ್ತನಾಲ್ಕು ವರ್ಷ. ಮರುದಿನ ಶುಕ್ರವಾರ ಚರ್ಚಿನಲ್ಲಿ ಮೀನು ಕರಿಯುವ ಊಟ ಇತ್ತು. ಅದಕ್ಕೆ ಒಂದು ಚೀಲ ಐಸ್ ತರಲು ಹೋಗಿದ್ದ. ಫಿಟ್ಸ್ ಬರುವ ಮನುಷ್ಯ. ಬೆಳಿಗ್ಗೆ ಎಂಟಕ್ಕೊಂದು, ಸಂಜೆ ಎಂಟಕ್ಕೊಂದು ಮಾತ್ರೆ. ಹೋದ ವರ್ಷ ಒಂದೇ ಒಂದು ಹೊತ್ತು ತಪ್ಪಿಸಿ, ಚರ್ಚಿನ ಹಾಡುಗಾರರ ಸಾಲಿನಲ್ಲಿ ಕುಸಿದು, ಜೊತೆಗೆ ಇಬ್ಬರು ಹೆಂಗಸರನ್ನೂ ಕೆಡವಿದ್ದ. ಆ ಹೆಂಗಸರು ಅದನ್ನು ಈಗಲೂ ನಗುತ್ತಾ ಹೇಳುತ್ತಾರೆ. ಒಡೆಸ್ಸಾ ನಗುವುದಿಲ್ಲ. ಅವನ ತಲೆಗೆ ಏಳು ಹೊಲಿಗೆ ಬಿದ್ದಿತ್ತು.

ಮಾತ್ರೆಯ ಡಬ್ಬಿ ಅಡುಗೆಮನೆಯ ಕಿಟಕಿಯಲ್ಲೇ ಕೂತಿತ್ತು.

ಕ್ಷೌರದಂಗಡಿಯ ಹೋಬರ್ಟ್ ಫೋನ್ ಮಾಡಿದ. "ಒಡೆಸ್ಸಕ್ಕಾ, ನಿಮ್ಮ ರಾಲಿನ್ ಪೊಲೀಸ್ ಕಾರಲ್ಲಿ ಹೋಗ್ತಿದ್ದ. ತೊಡೆ ಮೇಲೆ ಐಸ್ ಚೀಲ ಇತ್ತು. ನನ್ನ ನೋಡಿ ತಲೆ ಆಡಿಸಿದ. ನಾನೂ ಆಡಿಸಿದೆ."

"ತಲೆ ಆಡಿಸಿದ್ಯಾ? ಯಾಕಪ್ಪ ಅಂತ ಕೇಳ್ಬಾರ್ದಿತ್ತಾ?"

"ಕೈಯಲ್ಲಿ ಕತ್ತಿ ಇತ್ತಕ್ಕಾ. ಗಿರಾಕಿ ಅರ್ಧ ಗಡ್ಡದಲ್ಲಿದ್ದ."

ಒಡೆಸ್ಸಾ ತನ್ನ ಅತ್ತಿಗೆ ವರ್ಲೀನಳನ್ನು ಕರೆದಳು. ವರ್ಲೀನ್ ಅಂದರೆ ತೀರಿಹೋದ ಗಂಡನ ಅಕ್ಕ. ಅವಳ ಹತ್ತಿರ ಕಾರಿತ್ತು, ನಾಲಿಗೆಯೂ ಇತ್ತು. ಎರಡೂ ಹಳೆಯವು, ಎರಡಕ್ಕೂ ಬ್ರೇಕು ಸ್ವಲ್ಪ ಕಡಿಮೆ. ಒಡೆಸ್ಸಾ ಮಾತ್ರೆಯ ಡಬ್ಬಿ ಕೈಚೀಲಕ್ಕೆ ಹಾಕಿಕೊಂಡು, ಬೆಳಿಗ್ಗೆ ಮಾಡಿಟ್ಟಿದ್ದ ಬೆಣ್ಣೆ ಕೇಕನ್ನು ಹೊಳೆಯುವ ಹಾಳೆಯಲ್ಲಿ ಸುತ್ತಿದಳು.

"ಜೈಲಿಗೆ ಕೇಕಾ?" ಅಂದಳು ವರ್ಲೀನ್. "ಗೃಹಪ್ರವೇಶಕ್ಕೆ ಹೊರಟಿದ್ದೀಯೇನೇ?"

"ಯಾರ ಮನೆ ಬಾಗಿಲಿಗೂ ನಾನು ಬರಿಗೈಯಲ್ಲಿ ಹೋದೋಳಲ್ಲ, ಅತ್ತಿಗೆ."

ನಗರದ ಜೈಲಿನ ಮುಂದಿನ ಕೌಂಟರಿನಲ್ಲಿ ಟಾರ್ಕಿಂಗ್ಟನ್ ಎಂಬ ಹೆಸರುಪಟ್ಟಿಯ ಹೆಂಗಸು ಕೂತಿದ್ದಳು. ಹೆಸರು ಕೇಳಿದಳು, ಕಂಪ್ಯೂಟರ್ ನೋಡಿದಳು, ಮತ್ತೊಮ್ಮೆ ನೋಡಿದಳು.

"ಇಲ್ಲಿಲ್ಲಮ್ಮಾ. ಕೌಂಟಿಯಲ್ಲಿ ಕೇಳಿ ನೋಡಿದ್ರಾ?"

ಅಷ್ಟೇ ಸಾಕಾಯಿತು. ಕೌಂಟಿ ಅಂದರೆ ನಗರದ ಗಡಿಯಾಚೆಯ ಜಿಲ್ಲೆ, ಅದರ ಆಡಳಿತವೇ ಬೇರೆ. ನಮ್ಮಲ್ಲಿ ನಗರದವರನ್ನು ಕೌಂಟಿಯವರು ಅನ್ನುವುದು, ಎದುರುಮನೆಯವಳ ಸೀರೆಯನ್ನು ನಿಮ್ಮದಾ ಅಂತ ಕೇಳಿದ ಹಾಗೆ. ಒಡೆಸ್ಸಾ ನೆಟ್ಟಗಾದಳು.

"ನೋಡಮ್ಮ, ನಮ್ಮತ್ತೆ ನಗರದಲ್ಲಿ ಹುಟ್ಟಿದ್ದು. ನಾನು ಓದಿದ್ದು ನಗರದ ಸ್ಕೂಲಲ್ಲಿ. ನನ್ನ ಮಗ ನಗರಕ್ಕೆ ತೆರಿಗೆ ಕಟ್ತಾನೆ. ಅವನು ಜೈಲಿಗೆ ಹೋಗೋದೇ ಆದ್ರೆ ನಗರದ ಜೈಲಿಗೇ ಹೋಗ್ತಾನೆ. ಸರಿಯಾಗಿ ಹುಡುಕು."

ವರ್ಲೀನ್ ಚಾವಣಿ ನೋಡಿದಳು. ಟಾರ್ಕಿಂಗ್ಟನ್ ನಗಲಿಲ್ಲ. ಒಳಗಿಂದ ಮೆತ್ತೆ ಇರುವ ಕುರ್ಚಿ ತಂದು ಹಾಕಿದಳು. ಮೂರನೆಯ ಸಲವೂ ಹುಡುಕಿದಳು. ಕೇಕು ತೆಗೆದುಕೊಳ್ಳಲು ನಿಯಮವಿಲ್ಲ ಅಂತ ತುಂಬ ಬೇಜಾರಿನಿಂದ ಹೇಳಿ, ಆ ಕೇಕಿನ ಹಾಳೆಯನ್ನು ಮಾತ್ರ ಒಂದು ಕ್ಷಣ ತನ್ನ ಕಡೆ ಎಳೆದುಕೊಂಡು, ಸರಿಮಾಡಿ ವಾಪಸ್ಸು ಕೊಟ್ಟಳು.

ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಒಡೆಸ್ಸಾ ಎರಡು ಗಂಟೆ ಅಲ್ಲೇ ಕೂತಳು. ಗೋಡೆಯ ಗಡಿಯಾರ ನಾಲ್ಕು ತೋರಿಸಿದಾಗ ಕೈಚೀಲದೊಳಗೆ ಕೈ ಹಾಕಿ ಡಬ್ಬಿ ಮುಟ್ಟಿ ನೋಡಿದಳು. ಎಂಟಕ್ಕೆ ಇನ್ನು ನಾಲ್ಕೇ ಗಂಟೆ.

"ಅವಳು ಮುಚ್ಚಿಡ್ತಿದ್ದಾಳೆ," ಅಂದಳು ಕಾರಿನಲ್ಲಿ.

"ಆರಡಿ ಎರಡಂಗುಲದ ಗಂಡಸನ್ನ ಮೇಜಿನ ಡ್ರಾಯರಿನಲ್ಲಿ ಮುಚ್ಚಿಡೋಕಾಗುತ್ತೇನೇ? ನಡಿ, ಮಿಸ್ ಐಯೋನ್ ಹತ್ರ ಹೋಗೋಣ."

ಮಿಸ್ ಐಯೋನ್ ಎದುರುಮನೆಯವರು. ಎಪ್ಪತ್ತೆಂಟು ವರ್ಷ. ಸಾರ್ವಜನಿಕ ಗ್ರಂಥಾಲಯದ ಕೌಂಟರಿನಲ್ಲಿ ಮೂವತ್ತು ವರ್ಷ ಕೂತವರು. ಕಳೆದುಹೋದ ಪುಸ್ತಕ ಹುಡುಕಿದ ತಾಳ್ಮೆಯಲ್ಲೇ ಈಗ ಬೀದಿಯವರ ಕಳೆದುಹೋದ ಕಾಗದಪತ್ರ ಹುಡುಕಿಕೊಡುತ್ತಾರೆ. ಜಗುಲಿಯಲ್ಲಿ ಬಟಾಣಿ ಸುಲಿಯುತ್ತಿದ್ದರು. ಕಥೆಯನ್ನೆಲ್ಲ ಕೇಳಿ, ಪಾತ್ರೆ ಪಕ್ಕಕ್ಕಿಟ್ಟು, ಒಂದೇ ಪ್ರಶ್ನೆ ಕೇಳಿದರು.

"ಹಿಡಿದದ್ದು ರಸ್ತೆಯ ಯಾವ ಕಡೆ?"

"ಯಾವ ಕಡೆ ಆದ್ರೇನು? ಮನೆ ಇರೋದು ಈ ಕಡೆ."

"ಒಡೆಸ್ಸಾ, ಜೈಲಿನವರು ಮನೆ ಎಲ್ಲಿ ಅಂತ ನೋಡೋದಿಲ್ಲ. ಎಲ್ಲಿ ಹಿಡಿದರು, ಯಾರು ಹಿಡಿದರು, ಅಷ್ಟೇ. ನಗರ, ಕೌಂಟಿ ಎರಡೂ ಪಾಲಾದ ಅಣ್ಣತಮ್ಮಂದಿರ ಹಾಗೆ. ಗೋಡೆ ಒಂದೇ ಆದರೂ ಒಲೆ ಬೇರೆ, ಬೀಗ ಬೇರೆ, ಪಟ್ಟಿ ಬೇರೆ. ಇವನ ಮನೆಯಲ್ಲಿ ಯಾರು ಉಂಡರು ಅಂತ ಅವನಿಗೆ ಗೊತ್ತಿರಲ್ಲ. ಅಲ್ಲಿ ಕೂತವಳು ಸುಳ್ಳು ಹೇಳಲಿಲ್ಲ ಕಣಮ್ಮ. ಅವಳ ಪಟ್ಟಿಯಲ್ಲಿ ಇರಲಿಲ್ಲ, ಅಷ್ಟೇ."

ಹೋಬರ್ಟ್‌ಗೆ ಫೋನು ಹೋಯಿತು. ಐಸ್ ಎಲ್ಲಿ ಕೊಂಡಿದ್ದ?

"ಪೆಟ್ರೋಲ್ ಬಂಕಲ್ಲಿ, ಚೀಲದ ಮೇಲೆ ಹೆಸರಿತ್ತು. ರಸ್ತೆಯ ಆ ಕಡೆಯದು. ಅಲ್ಲಿ ಚೀಲ ಸ್ವಲ್ಪ ದೊಡ್ಡದು ಕೊಡ್ತಾರೆ."

ಒಡೆಸ್ಸಾ ಕಣ್ಣು ಮುಚ್ಚಿಕೊಂಡಳು. ಎಂಟು ಹೆಜ್ಜೆ ಅಗಲದ ರಸ್ತೆ. ಆ ಕಡೆಯ ಕಾಲುದಾರಿಗೆ ಕಾಲಿಟ್ಟರೆ ಕೌಂಟಿ. ದೊಡ್ಡ ಚೀಲದ ಆಸೆಗೆ ಮಗ ಬೇರೆ ರಾಜ್ಯಭಾರಕ್ಕೇ ಹೋಗಿ ಸಿಕ್ಕಿಬಿದ್ದಿದ್ದ.

"ಇನ್ನೂ ಇದೆ," ಅಂದರು ಮಿಸ್ ಐಯೋನ್. "ಕೌಂಟಿಯೊಳಗೆ ಅಂಗೈಯಗಲದ ಊರುಗಳು ಎಷ್ಟಿವೆ ನಿನಗೇ ಗೊತ್ತು. ಕೆಲವಕ್ಕೆ ಸ್ವಂತ ಪೊಲೀಸರಿದ್ದಾರೆ. ಮೊದಲು ಆ ಬಂಕು ಯಾವ ಊರಿಗೆ ಸೇರುತ್ತೋ ಅಲ್ಲಿ ಕೇಳೋಣ. ಆಮೇಲೆ ಕೌಂಟಿ ಜೈಲು."

ಆ ಪುಟ್ಟ ಊರಿನ ಠಾಣೆಯಲ್ಲಿ ಫೋನ್ ಎತ್ತಿದ ಮುದಿ ಗಂಡಸಿನ ದನಿ ಹೆಸರು ಪೂರ್ತಿ ಕೇಳಲಿಲ್ಲ.

"ಐಸ್ ಚೀಲದವರಾ? ಇದ್ದರು, ಇದ್ದರು. ಮೂರು ವರ್ಷದ ಹಿಂದೆ ಕಾರಿನ ಹಿಂದಿನ ದೀಪ ಒಡೆದದ್ದಕ್ಕೆ ನಮ್ಮ ಕೋರ್ಟು ಕರೆದಿತ್ತು, ಅವರು ಬಂದಿರಲಿಲ್ಲ, ಅದಕ್ಕೆ ವಾರಂಟ್ ಇತ್ತು. ಹನ್ನೊಂದಕ್ಕೆ ಕೌಂಟಿ ಜೈಲಿಗೆ ಕಳಿಸಿದೆವು. ಐಸು ನಮ್ಮ ಫ್ರಿಜ್ಜಲ್ಲಿಟ್ಟಿದ್ದೀನಿ. ಯಾರಾದರೂ ಬಂದು ತಗೊಂಡು ಹೋಗಿ. ಮೀನಿನ ಊಟಕ್ಕೆ ಅಂತ ಪಾಪ ಎರಡು ಸಲ ಹೇಳಿದರು."

ಒಡೆಸ್ಸಾಗೆ ಕೌಂಟಿಯವರ ಮೇಲೆ ಇದ್ದ ಸಿಟ್ಟು ಒಂದು ಚೀಲದಷ್ಟು ಕರಗಿತು.

"ಈಗ ಕೌಂಟಿ ಜೈಲಿನ ನಂಬರು ಬೇಕಲ್ಲ," ಅಂತ ಮಿಸ್ ಐಯೋನ್ ಕನ್ನಡಕ ಹುಡುಕತೊಡಗಿದರು. ಅಷ್ಟರಲ್ಲಿ ವರ್ಲೀನ್ ಹಸಿವು ತಾಳದೆ ಕೇಕಿನ ಹಾಳೆ ಬಿಚ್ಚಿದ್ದಳು. ಮಡಿಕೆಯೊಳಗಿಂದ ಒಂದು ಚೀಟಿ ಬಿತ್ತು. ಕೌಂಟಿ ಜೈಲಿನ ನಂಬರು. ಒಂದೊಂದು ಅಂಕಿಯೂ ಹೆಬ್ಬೆರಳಿನ ಗಾತ್ರ. ಒಡೆಸ್ಸಾ ಜೈಲಿನ ಫಾರಮ್ಮನ್ನು ಕೈಚಾಚಿ ದೂರ ಹಿಡಿದು ಓದಿದ್ದನ್ನು ಆ ಟಾರ್ಕಿಂಗ್ಟನ್ ನೋಡಿದ್ದಳು.

"ಮುಚ್ಚಿಟ್ಟಿದ್ದಳು ಅಂದೆಯಲ್ಲ," ಅಂದಳು ವರ್ಲೀನ್ ತುಂಬಿದ ಬಾಯಲ್ಲಿ. "ನಿಜವೇ. ಕೇಕಿನಲ್ಲಿ ಮುಚ್ಚಿಟ್ಟಿದ್ದಳು."

ಐದೂವರೆ ಆಗಿತ್ತು. ಕೌಂಟಿ ಜೈಲಿನವರು ಪೂರ್ತಿ ಹೆಸರು ಕೇಳಿದರು. ಒಡೆಸ್ಸಾ ಹೇಳಿದಳು. ಹುಟ್ಟಿದ ತಾರೀಕು ಕೇಳಿದರು.

"ಜುಲೈ ನಾಲ್ಕು."

ಹೇಳುವಾಗ ದನಿ ತಾನಾಗಿ ಹಿಗ್ಗಿತು. ದೇಶದ ಸ್ವಾತಂತ್ರ್ಯದ ಹಬ್ಬದ ದಿನ ಹುಟ್ಟಿದ ಮಗು. ಊರೆಲ್ಲ ಪಟಾಕಿ ಹಾರಿಸೋದು ನಿನಗೋಸ್ಕರವೇ ಅಂತ ಹೇಳಿ ಬೆಳೆಸಿದ್ದಳು. ಹನ್ನೊಂದು ವರ್ಷದವರೆಗೆ ಅವನು ಅದನ್ನು ನಂಬಿದ್ದ.

"ಆ ಹೆಸರು, ಆ ತಾರೀಕು ಎರಡೂ ಹೊಂದೋರು ಯಾರೂ ಇಲ್ಲಮ್ಮಾ."

ವರ್ಲೀನ್ ಅಗಿಯುವುದನ್ನು ನಿಲ್ಲಿಸಿದಳು. ನಲವತ್ತನಾಲ್ಕು ವರ್ಷದಿಂದ ಇಬ್ಬರ ನಡುವೆ ಇದ್ದ ಜಗಳವೇ ಇದು. ಹೆರಿಗೆ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದವಳು ವರ್ಲೀನ್. ಮಗು ಅತ್ತಾಗ ಗಡಿಯಾರ ನೋಡಿದ್ದೆ, ಮಧ್ಯರಾತ್ರಿ ದಾಟಿ ಹತ್ತು ನಿಮಿಷ ಆಗಿತ್ತು, ಐದನೇ ತಾರೀಕು ಅಂತ ಅವಳ ವಾದ. ಆಸ್ಪತ್ರೆಯ ಗಡಿಯಾರ ಮುಂದಿತ್ತು ಅಂತ ಒಡೆಸ್ಸಾಳ ವಾದ. ಪ್ರತಿ ವರ್ಷ ಕೇಕು ಕೊಯ್ಯುವಾಗ ಈ ಮಾತು ಬರುತ್ತಿತ್ತು, ಪ್ರತಿ ವರ್ಷ ಒಬ್ಬರು ಎದ್ದು ಮನೆಗೆ ಹೋಗುತ್ತಿದ್ದರು.

ಒಡೆಸ್ಸಾ ಮಾತ್ರೆಯ ಡಬ್ಬಿಯನ್ನು ಹೊರತೆಗೆದು ಮಡಿಲಲ್ಲಿಟ್ಟುಕೊಂಡಳು. ಅದರ ಚೀಟಿಯ ಮೇಲೂ ಅವನ ಹುಟ್ಟಿದ ತಾರೀಕು ಅಚ್ಚಾಗಿತ್ತು. ಎಷ್ಟೋ ತಿಂಗಳಿಂದ ಅದರ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಮುಚ್ಚಳ ತೆರೆದಿದ್ದಳು.

"ಐದು," ಅಂದಳು ಫೋನಿಗೆ, ಹೆಬ್ಬೆರಳು ಸರಿಸಿ. "ಜುಲೈ ಐದು."

ವರ್ಲೀನ್ ಗೆದ್ದಿದ್ದಳು. ಎದ್ದು ಕುಣಿಯಬಹುದಿತ್ತು. ಅವಳು ಬೆರಳಿಗಂಟಿದ ಕೇಕಿನ ಪುಡಿ ಒರೆಸಿಕೊಂಡು ಒಡೆಸ್ಸಾಳ ಮೊಣಕಾಲಿನ ಮೇಲೆ ಕೈಯಿಟ್ಟಳು.

"ಆಗಲೂ ಪಟಾಕಿ ಹಾರ್ತಾನೇ ಇತ್ತು ಕಣೇ," ಅಂದಳು ಮೆಲ್ಲಗೆ. "ನಾನು ಕೇಳಿಸಿಕೊಂಡಿದ್ದೀನಿ."

"ಇದ್ದಾರೆ," ಅಂದಿತು ಫೋನು.

ಮಿಸ್ ಐಯೋನ್ ಫೋನು ತೆಗೆದುಕೊಂಡು, ಜೈಲಿನವರು ಕೊಟ್ಟ ದಾಖಲೆ ಸಂಖ್ಯೆಯನ್ನು ಬರೆದುಕೊಂಡರು. ಕೂಡಲೇ ಜೈಲಿನ ನರ್ಸಿಗೆ ಫೋನ್ ಕೊಡಿ ಅಂದರು. ನರ್ಸ್ ಸಿಕ್ಕಿದಾಗ ಫೋನನ್ನು ಒಡೆಸ್ಸಾಳ ಕೈಗೇ ಕೊಟ್ಟರು. ಡಬ್ಬಿ ನೋಡಿಕೊಂಡು ಅವಳು ಮಾತ್ರೆಯ ಹೆಸರು, ಎಷ್ಟು, ಯಾವ ಹೊತ್ತು, ಯಾವ ಡಾಕ್ಟರು, ಯಾವ ಔಷಧಿ ಅಂಗಡಿ ಎಲ್ಲ ಹೇಳಿದಳು.

"ಹೊರಗಿನ ಮಾತ್ರೆ ನಾವು ತಗೊಳ್ಳೋದಿಲ್ಲಮ್ಮಾ," ಅಂದಳು ನರ್ಸ್. "ಅಂಗಡಿಯವರನ್ನ ಕೇಳಿ ಖಚಿತ ಮಾಡಿಕೊಂಡು, ನಮ್ಮಲ್ಲಿರೋದನ್ನೇ ಕೊಡ್ತೀನಿ. ಅವರೂ ಫಿಟ್ಸ್ ಇದೆ ಅಂತ ಹೇಳಿದ್ರು. ಮಾತ್ರೆ ಹೆಸರು ಮಾತ್ರ ಬಾಯಿಗೆ ಬರಲಿಲ್ಲ, ಬಿಳಿದು, ಉದ್ದಕ್ಕಿರುತ್ತೆ ಅಂದರು. ನೀವು ಫೋನ್ ಮಾಡಿದ್ದು ಒಳ್ಳೇದಾಯ್ತು."

ಎಂಟೂಕಾಲಿಗೆ ರಾಲಿನ್‌ನ ಫೋನು ಬಂತು. "ಅಮ್ಮಾ, ಮಾತ್ರೆ ಕೊಟ್ರು, ನುಂಗಿದೆ. ನಾಳೆ ಬೆಳಿಗ್ಗೆ ಬಿಡ್ತಾರಂತೆ, ಹೊಸ ತಾರೀಕಿಗೆ ಕೋರ್ಟಿಗೆ ಹೋಗಬೇಕಂತೆ." ಆಮೇಲೆ ಕೇಳಿದ, "ಅಮ್ಮಾ, ನಾನು ಐದನೇ ತಾರೀಕು ಹುಟ್ಟಿದ್ದು ಅಂತ ನೀನೇ ಹೇಳಿದ್ಯಂತೆ, ಹೌದಾ?"

"ಊಟ ಮಾಡಿ ಮಲಕ್ಕೋ," ಅಂದಳು ಒಡೆಸ್ಸಾ.

ಮರುದಿನ ಬೆಳಿಗ್ಗೆಯೊಳಗೆ ವರ್ಲೀನ್ ಏಳು ಜನ ನೆಂಟರಿಗೆ ಫೋನ್ ಮಾಡಿ ಮುಗಿಸಿದ್ದಳು. ಯಾರಾದರೂ ಎಷ್ಟು ಹೊತ್ತು ಅಂತ ಒಳ್ಳೆಯವರಾಗಿರೋದು. ಐಸನ್ನು ರಾಲಿನ್‌ನೇ ಬರುವ ದಾರಿಯಲ್ಲಿ ಇಸಕೊಂಡು ಬಂದ. ಮೀನಿನ ಊಟ ಚೆನ್ನಾಗಿಯೇ ಆಯಿತು. ಉಳಿದ ಮೀನನ್ನು ಒಡೆಸ್ಸಾ ಆ ಪುಟ್ಟ ಊರಿನ ಠಾಣೆಗೆ ಕಳಿಸಿದಳು. ಟಾರ್ಕಿಂಗ್ಟನ್‌ಗೆ ಕೇಕು ಕೊಡುವಂತಿಲ್ಲವಾದ್ದರಿಂದ ಕಾಗದ ಬರೆದಳು, ಅಂಕಿಗಳಷ್ಟೇ ದೊಡ್ಡ ಅಕ್ಷರದಲ್ಲಿ. ಈಗ ಆ ಮನೆಯಲ್ಲಿ ಜುಲೈಯಲ್ಲಿ ಎರಡು ಕೇಕು. ನಾಲ್ಕರದ್ದು ಪಟಾಕಿಗೆ, ಐದರದ್ದು ಸರ್ಕಾರಕ್ಕೆ. ಎರಡನೆಯದರ ಮೊದಲ ಹೋಳು ವರ್ಲೀನಳಿಗೆ.

ಈ ಕಥೆ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯವರಿಗೆ ಇಂಥ ದಿನ ಬಾರದಿರಲಿ. ಬಂದರೆ ಮೊದಲು ಕೇಳಬೇಕಾದ್ದು "ನಮ್ಮವನಿಗೆ ಹೀಗೂ ಆಗುತ್ತಾ" ಅಂತ ಅಲ್ಲ, "ಎಲ್ಲಿ ಹಿಡಿದರು, ಯಾರು ಹಿಡಿದರು" ಅಂತ. ಒಂದು ಕಡೆ ಇಲ್ಲ ಅಂದರೆ ಅವರು ಮುಚ್ಚಿಡುತ್ತಿಲ್ಲ. ಇನ್ನೊಂದು ಪಟ್ಟಿ ಇದೆ, ಅಲ್ಲಿ ಕೇಳಿ. ಹೆಸರು ಏರುವುದಕ್ಕೆ ಕೆಲವು ಗಂಟೆ ಹಿಡಿಯುತ್ತದೆ, ಆಮೇಲೆ ಮತ್ತೆ ಕೇಳಿ. ಸಿಕ್ಕಿದ ಮೇಲೆ ದಾಖಲೆ ಸಂಖ್ಯೆ ಬರೆದುಕೊಳ್ಳಿ. ಕಾಯಿಲೆಯಿದ್ದರೆ ಅದೇ ಫೋನಿನಲ್ಲಿ ನರ್ಸನ್ನು ಕೇಳಿ. ನಾಚಿಕೆಯಿಂದ ಬಾಗಿಲು ಹಾಕಿಕೊಂಡು ಕೂರಬೇಡಿ. ಎದುರುಮನೆಯಲ್ಲಿ ಒಬ್ಬ ಮಿಸ್ ಐಯೋನ್ ಇದ್ದೇ ಇರುತ್ತಾರೆ.

ಇವತ್ತೇ ಒಂದು ಕೆಲಸ ಮಾಡಿ. ಮನೆಯ ಪ್ರತಿಯೊಬ್ಬರ ಕಾಗದದಲ್ಲಿರುವ ಹೆಸರು, ಕಾಗದದಲ್ಲಿರುವ ಹುಟ್ಟಿದ ತಾರೀಕು, ನುಂಗುವ ಮಾತ್ರೆಯ ಹೆಸರು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಅಕ್ಷರ ದೊಡ್ಡದಾಗಿರಲಿ. ತಾರೀಕಿನ ಬಗ್ಗೆ ಅತ್ತಿಗೆಯ ತಕರಾರೇನಾದರೂ ಇದ್ದರೆ, ದಯವಿಟ್ಟು ಒಮ್ಮೆ ಅವರ ಮಾತನ್ನೂ ಕೇಳಿ ನೋಡಿ.