ಹಳಸಿದ ಬೆಳ್ಳಿ ನೀರು

ಉಳಿದದ್ದನ್ನು ಚೆಲ್ಲುವುದಕ್ಕೆ ಯಾರಿಗೆ ತಾನೇ ಮನಸ್ಸು ಬರುತ್ತದೆ? ಅದರಲ್ಲೂ ಉಳಿದದ್ದು ಬೆಳ್ಳಿ ಕರಗಿದ ನೀರಾದರೆ ಕೇಳುವುದೇ ಬೇಡ.

ಕನ್ನಡಿ ಮಾಡುವವನಿಗೆ ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಬೆಳ್ಳಿಯ ಉಪ್ಪನ್ನು ಅಮೋನಿಯಾದಲ್ಲಿ ಕರಗಿಸಿ ಗಾಜಿನ ಮೇಲೆ ಹೊಯ್ದು ಕನ್ನಡಿ ಮಾಡುತ್ತಿದ್ದ. ಆ ದ್ರವಕ್ಕೆ ಮನೆಯಲ್ಲಿ ಬೆಳ್ಳಿ ನೀರು ಅಂತಲೇ ಹೆಸರು. ಉಳಿದ ಬೆಳ್ಳಿ ನೀರನ್ನೆಲ್ಲ ಕಿಟಕಿ ಪಕ್ಕದ ಗಾಜಿನ ಜಾಡಿಗೆ ಸುರಿದಿಡುತ್ತಿದ್ದ. ವಾರ ಕಳೆಯುವುದರೊಳಗೆ ಅದರಿಂದ ಬೆಳ್ಳಿ ತೆಗೆದುಬಿಡುತ್ತಿದ್ದ.

ಈ ಸಲ ಜ್ವರ ಬಂದು ಮೂರು ವಾರ ಮಲಗಿಬಿಟ್ಟ. ಕೋಣೆ ತೆಗೆದಾಗ ಜಾಡಿಯ ತಳದಲ್ಲಿ ಕಪ್ಪು ಗಸಿ ನಿಂತಿತ್ತು. ತೊಳೆಯದೆ ಬಿಟ್ಟಿದ್ದ ಗಾಜಿನ ಬಟ್ಟಲಲ್ಲಿ ನೀರು ಆರಿ ಕಪ್ಪು ಹಕ್ಕಳೆ ಕಟ್ಟಿತ್ತು. ಅದನ್ನು ಕೆರೆಯೋಣವೆಂದು ಅವನ ಹೆಂಡತಿ ಚಮಚ ಹಿಡಿದು ನಿಂತಳು.

ಅಷ್ಟರಲ್ಲಿ ಅವಳ ಅಣ್ಣ ಬಂದ. ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಇಪ್ಪತ್ತೆಂಟು ವರ್ಷ ಅಟೆಂಡರ್ ಆಗಿದ್ದವನು ಅವನು. ಬಾಗಿಲಲ್ಲೇ ನಿಂತುಬಿಟ್ಟ.

“ಪುಟ್ಟೀ, ಏನನ್ನೂ ಮುಟ್ಟದೆ ಈಚೆ ಬಾ.”

“ಏನಣ್ಣ, ಹಾವು ಕಂಡೋರ ಥರ ಆಡ್ತೀಯ!”

“ಹಾವಾಗಿದ್ರೆ ಕೋಲು ತರ್ತಿದ್ದೆ. ಬಾ ಈಚೆ.”

ಗಂಡನಿಗೆ ನಗು ಬಂತು. “ಮಸಿ ಅದು, ಭಾವ, ಬರೀ ಮಸಿ. ಬೆಳ್ಳಿ ಏನು ಹಾಲಾ, ಹಳಸೋಕೆ?”

“ಬೆಳ್ಳಿ ಹಳಸಲ್ಲ. ಬೆಳ್ಳಿ ನೀರು ಹಳಸುತ್ತೆ. ಅಮೋನಿಯಾದಲ್ಲಿ ನಿಂತೂ ನಿಂತೂ ಅದು ಬೇರೆಯದೇ ಪದಾರ್ಥ ಆಗುತ್ತೆ. ಬೆಳ್ಳಿಯ ಅಮೈಡು, ನೈಟ್ರೈಡು ಅಂತಾರೆ ನಮ್ಮ ಮೇಷ್ಟ್ರುಗಳು. ಬೆಳ್ಳಿ, ಚಿನ್ನ, ಪಾದರಸದಂಥ ಭಾರದ ಲೋಹ ಅಮೋನಿಯಾ ಸಂಗ ಮಾಡಿದ್ರೆ ನಂಬೋ ಹಾಗಿಲ್ಲ. ಚೂರು ಬಿಸಿ ತಾಗಿದ್ರೂ ಸಿಡಿಯುತ್ತೆ, ಉಗುರು ತಾಗಿದ್ರೂ ಸಿಡಿಯುತ್ತೆ. ಒದ್ದೆ ಇದ್ರೂ ಬಿಡಲ್ಲ.”

“ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ. ಒಂದು ದಿನ ಪಟ್ ಅಂದಿಲ್ಲ.”

“ಅದು ನಿಮ್ಮ ಅದೃಷ್ಟ, ಒಂದು ರಾತ್ರಿ ಸಾಕು ಇದು ಹಳಸೋಕೆ. ಮೂರು ವಾರ ಯಾವತ್ತಾದ್ರೂ ಇಟ್ಟಿದ್ರಾ?”

ಗಂಡ ಜಾಡಿಯ ಕಡೆ ತಿರುಗಿದ.

ಅವಳು ಅಣ್ಣನ ಕಡೆ ನೋಡಿದಳು. ಅವನು ಬಾಗಿಲ ಚೌಕಟ್ಟು ದಾಟಿ ಒಂದು ಹೆಜ್ಜೆಯನ್ನೂ ಒಳಗೆ ಇಟ್ಟಿರಲಿಲ್ಲ. ಅಣ್ಣ ಹೆದರಿದ್ದನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಚಮಚವನ್ನು ಸದ್ದಿಲ್ಲದೆ ಮೇಜಿನ ಅಂಚಿನಲ್ಲಿಟ್ಟು, ಗಂಡನನ್ನೂ ಎಳೆದುಕೊಂಡು ಹೊರಗೆ ಬಂದಳು.

ಅಣ್ಣ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ, ಅಕ್ಕಪಕ್ಕದವರನ್ನು ಮನೆಯಿಂದ ಹೊರಡಿಸಲು ಹೋದ. ಗಂಡನಿಗೆ ಬೀದಿಯಲ್ಲಿ ನಿಂತು ನಾಚಿಕೆ. ಜೊತೆಗೆ, ಅಗ್ನಿಶಾಮಕದವರು ಬಂದರೆ ಬೆಳ್ಳಿಯನ್ನೆಲ್ಲ ಬಾಚಿಕೊಂಡು ಹೋಗುತ್ತಾರೆಂಬ ಚಿಂತೆ.

“ಜಾಡಿ ಮುಟ್ಟಲ್ಲ ಕಣೇ. ಬಟ್ಟಲು ಒಂದೇ. ಅದರಲ್ಲಿರೋದು ಚಿಟಿಕೆಯಷ್ಟು.”

“ಅಣ್ಣ ಬೇಡ ಅಂದಿದ್ದಾನೆ ರೀ.”

“ನಿಮ್ಮಣ್ಣ ಕನ್ನಡಿ ಮಾಡಿದ್ದಾನಾ?”

ಅವಳು ಅವನ ಅಂಗಿ ಹಿಡಿದಳು. ಅವನು ಕೊಸರಿಕೊಂಡು ಒಳಗೆ ಹೋದ. “ನೋಡಿಲ್ಲಿ, ಬರೀ ಮಸಿ” ಎಂದು ಅವನು ಕೂಗಿದ್ದು ಅವಳಿಗೆ ಕೇಳಿಸಿತು.

ಬಟ್ಟಲು ಸಿಡಿದ ಶಬ್ದ ದೊಡ್ಡದೇನಲ್ಲ. ಯಾರದೋ ಬಾಗಿಲು ಬಡಿದುಕೊಂಡಿತು ಎಂದುಕೊಂಡರಂತೆ ಎದುರು ಮನೆಯವರು. ಆದರೆ ಬಟ್ಟಲಿನ ಚೂರುಗಳು ಅವನ ಎರಡೂ ಕಣ್ಣಿಗೆ ಹೊಕ್ಕಿದ್ದವು. ಒಳಗೆ ನುಗ್ಗಲು ಹೋದವಳನ್ನು, ಓಡಿ ಬಂದ ಅಣ್ಣ ಬೀದಿಗೆ ನೂಕಿ, ತಾನೇ ಹೋಗಿ ಅವನನ್ನು ಎಳೆದು ತಂದ. ಜಾಡಿ ಸಿಡಿಯದೆ ಉಳಿದದ್ದು ಆ ಬೀದಿಯ ಪುಣ್ಯ. ಅಗ್ನಿಶಾಮಕದವರು ಬೀದಿ ಖಾಲಿ ಮಾಡಿಸಿ, ಮರಳು ಮೂಟೆ ಒಟ್ಟಿ, ತಿಳಿದವರನ್ನು ಕರೆಸಿ ಅದಕ್ಕೊಂದು ಗತಿ ಕಾಣಿಸುವಾಗ ಸಂಜೆಯಾಗಿತ್ತು.

ಒಂದು ಕಣ್ಣನ್ನು ತೆಗೆಯಬೇಕಾಯಿತು. ಇನ್ನೊಂದಕ್ಕೆ ಬೆಳಕು ಕತ್ತಲೆ ಮಾತ್ರ ಗೊತ್ತಾಗುತ್ತದೆ.

ಈಗ ಕನ್ನಡಿ ಮಾಡುವವಳು ಹೆಂಡತಿ. ಬೇಕಾದಷ್ಟನ್ನೇ ಬೆರೆಸುತ್ತಾಳೆ, ಅಂದಿನದನ್ನು ಅಂದೇ ಮುಗಿಸುತ್ತಾಳೆ. ಒಂದಿಷ್ಟು ಉಳಿದರೆ ಅಣ್ಣ ಕಲಿಸಿದಂತೆ ಆಗಿಂದಾಗಲೇ ತೆಳು ಆಮ್ಲ ಬೆರೆಸಿ ಅಮೋನಿಯಾದ ಆಟ ಮುಗಿಸುತ್ತಾಳೆ. ಪಾತ್ರೆ ತೊಳೆಯದೆ ಊಟಕ್ಕೆ ಏಳುವುದಿಲ್ಲ. ಗಂಡ ಮೂಲೆಯಲ್ಲಿ ಕೂತು ದಿನವೂ ಕೇಳುತ್ತಾನೆ, “ಏನೂ ಉಳಿಸಿಲ್ಲ ತಾನೇ?”

ಅವಳ ಮೊದಲ ಕನ್ನಡಿ ಸಿದ್ಧವಾದ ದಿನ ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಅಂಚನ್ನು ಸವರಿ ನೋಡಿದ.

“ಚೆನ್ನಾಗಿ ಬಂದಿದೆಯಾ?”

“ಬಂದಿದೆ.”

“ಅದರಲ್ಲಿ ನಾನು ಹೇಗೆ ಕಾಣ್ತೀನಿ ಹೇಳು.”

ಸುಳ್ಳು ಹೇಳೋಣ ಎನ್ನಿಸಿತು ಅವಳಿಗೆ. ಆಗಲಿಲ್ಲ. “ಗಾಯ ಮಾಗಿದೆ ರೀ. ಬಲಗಣ್ಣಿನ ಜಾಗ ಒಳಗೆ ಕುಸಿದಿದೆ. ಎಡಗಣ್ಣು ಎಲ್ಲೋ ನೋಡುತ್ತೆ.”

ಅವನು ಕನ್ನಡಿಯನ್ನು ಅವಳ ಕೈಗೆ ಕೊಟ್ಟ. “ಹೀಗೇ ಹೇಳು,” ಎಂದ. “ಬೆಳ್ಳಿ ನೀರು ಮುಟ್ಟೋರಿಗೆಲ್ಲ ಹೀಗೇ ಹೇಳು.”

ಅದಕ್ಕೇ, ಅವನ ಮಾತಿನಂತೆ, ಈ ಹಾಳೆಯಲ್ಲಿ ಹೇಳುತ್ತಿದ್ದೇವೆ. ಕನ್ನಡಿ ಮಾಡುವವರೇ, ಶಾಲೆಯ ಪ್ರಯೋಗಾಲಯ ನೋಡಿಕೊಳ್ಳುವವರೇ, ನಿಮ್ಮ ಕಪಾಟಿನಲ್ಲಿ ಹಳೆಯ ಬೆಳ್ಳಿ ನೀರು ಇದ್ದರೆ ಮುಟ್ಟಬೇಡಿ, ಅಲುಗಿಸಬೇಡಿ, ಮುಚ್ಚಳ ತಿರುಗಿಸಬೇಡಿ. ಎಲ್ಲರನ್ನೂ ಹೊರಗೆ ಕಳಿಸಿ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಅವರು ಸರಿ ಎನ್ನುವವರೆಗೆ ಯಾರನ್ನೂ ಒಳಗೆ ಬಿಡಬೇಡಿ. ಇದೆಯೋ ಇಲ್ಲವೋ ನೆನಪಿಲ್ಲವೇ? ಈ ಹಾಳೆ ಕೆಳಗಿಟ್ಟು, ಈಗಲೇ ಹೋಗಿ, ಬಾಗಿಲಲ್ಲೇ ನಿಂತು ನೋಡಿ.