ಎಡಗಡೆಯ ಸೊನ್ನೆ

"ವರ್ಷನ್ ನಂಬರೇ ಸೊನ್ನೆಯಿಂದ ಶುರುವಾಗುವ ಸಾಫ್ಟ್‌ವೇರನ್ನು ಯಾರು ತಗೊಳ್ತಾರೆ ಮಾರಾಯ್ತಿ? ನಾಳೆಯೊಳಗೆ ಒಂದು ಅಂತ ಹಾಕು. ಇಲ್ಲದಿದ್ರೆ ಬೆಳ್ತಂಗಡಿಯ ಬಸ್ ಮಾಲಕರು ಬೇರೆಯವರ ಹತ್ತಿರ ಹೋಗ್ತಾರೆ."

ಫೋನಿನಲ್ಲಿ ಗೆಳತಿ ಸಾತ್ವಿಕಾ. ಇಬ್ಬರೂ ಸೇರಿ ಕಟ್ಟಿದ ಆ್ಯಪ್ ಅದು. ಬಸ್ಸಿನ ಬೋರ್ಡಿನತ್ತ ಫೋನು ಹಿಡಿದರೆ ಊರಿನ ಹೆಸರನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು.

"ಮಾಮಿ ಯಾರನ್ನೂ ಕೇಳದೆ ಮೂಡುಬಿದಿರೆಯ ತಂಗಿ ಮನೆಗೆ ಹೋಗಿ ಬರಲಿ, ಆಮೇಲೆ ಹಾಕ್ತೇನೆ," ಎಂದಳು ಶಬ್ನಾ.

ಆವೃತ್ತಿಯ ಸಂಖ್ಯೆಗೆ ಅವಳದೇ ಕಟ್ಟಳೆ. ಚುಕ್ಕಿಯ ಬಲಗಡೆಯ ಅಂಕೆ ಆ್ಯಪನ್ನು ತಿದ್ದಿದಷ್ಟು ಸಲ ಏರಲಿ. ಎಡಗಡೆಯ ಸೊನ್ನೆ ಒಂದಾಗಬೇಕಾದರೆ ಅತ್ತೆ ನಬೀಸಾ ಯಾರನ್ನೂ ಕೇಳದೆ ಒಬ್ಬರೇ ಬಸ್ಸು ಹತ್ತಬೇಕು. ಓದಲು ಬಾರದ ಹೆಂಗಸು ಇದು ಯಾವ ಬಸ್ಸೆಂದು ಬಾಯಿಬಿಟ್ಟರೆ "ಕಣ್ಣು ಕಾಣುವುದಿಲ್ವಾ" ಎಂದು ಗದರುವ ಲೋಕ ಇದು. ಅದು ಹಾಗೇ ಇರುವಾಗ ಕೆಲಸ ಮುಗಿಯಿತೆಂದು ಬರೆದುಕೊಳ್ಳುವುದು ಶುದ್ಧ ಸುಳ್ಳು.

"ಹಾಗಾದ್ರೆ ಆ ಸೊನ್ನೆ ನಾನಾ?" ಬಾಗಿಲಲ್ಲಿ ನಿಂತಿದ್ದ ನಬೀಸಾ ಹೊರಡಲು ಬುರ್ಖಾ ಎಳೆದುಕೊಂಡರು.

"ಜೊತೆಗೆ ಬರ್ತೇನೆ ಮಾಮಿ."

"ನೀನು ಬಂದ್ರೆ ಪುನಃ ಸೊನ್ನೆಯೇ. ಕೂತ್ಕೋ."

ಪಾಣೆಮಂಗಳೂರಿನ ಆ ಮನೆಯಲ್ಲಿ ಶಬ್ನಾಳಿಗೆ ಇಡೀ ದಿನ ಕೆಲಸಕ್ಕೆ ಕೈ ಹೋಗಲಿಲ್ಲ. ಸಂಜೆ ನಬೀಸಾ ತಂಗಿ ಮನೆಯ ಬಸಳೆ ಸೊಪ್ಪಿನ ಕಟ್ಟು ಹಿಡಿದುಕೊಂಡು ಬಂದರು.

"ಬಸ್ಸು ಸಿಕ್ಕಿತಾ?"

"ಸಿಕ್ಕಿತು. ನಿನ್ನ ಆ್ಯಪು ಸರಿಯಾಗೇ ಹೇಳಿತು."

"ಯಾರನ್ನೂ ಕೇಳಲಿಲ್ಲ ಅಲ್ವಾ?"

"ಕೇಳಿದೆ."

ಶಬ್ನಾಳ ಮುಖ ಸಣ್ಣದಾಯಿತು. "ಸರಿ ಹೇಳಿತು ಅಂದಿರಲ್ಲ, ಮತ್ತೆ ಯಾಕೆ?"

"ಗೊತ್ತಿದ್ದೇ ಕೇಳಿದ್ದು. ಪಕ್ಕದಲ್ಲಿ ಕೂತವಳ ಹತ್ತಿರ ಬೇರೆ ಹೇಗೆ ಮಾತು ಶುರು ಮಾಡುವುದು? ಕಾಂತಿ ಅಂತ ಹೆಸರು. ಅವಳು ಇಳಿಯುವ ಸಿದ್ದಕಟ್ಟೆ ಬರುವವರೆಗೆ ಅವಳ ಅತ್ತೆಯ ಸುದ್ದಿಯೇ. ನಾನೂ ನನ್ನ ಸೊಸೆಯದ್ದು ಸ್ವಲ್ಪ ಹೇಳಿದೆ."

"ಕಂಡಕ್ಟರ್ ಗದರಿದನಾ?"

"ಅವನ ಹತ್ತಿರ ನನಗೆಂಥ ಕೆಲಸ?"

ಶಬ್ನಾ ನಗು ತಡೆದುಕೊಂಡು ಲ್ಯಾಪ್‌ಟಾಪ್ ತೆರೆದಳು. ತಾನು ಬರೆದಿಟ್ಟಿದ್ದ ಕಟ್ಟಳೆಯ ಸಾಲಿನಲ್ಲಿ 'ಯಾರನ್ನೂ ಕೇಳದೆ' ಎಂಬುದನ್ನು ಅಳಿಸಿ 'ಯಾರಿಗೂ ಹೆದರದೆ' ಎಂದು ಬರೆದಳು. ಸೊನ್ನೆಯನ್ನು ಒಂದು ಮಾಡಿ ಸಾತ್ವಿಕಾಳಿಗೆ ಕಳಿಸಿದಳು.

"ಅದು ಆಯ್ತಾ? ಹಾಗಾದ್ರೆ ಇಲ್ಲಿ ನೋಡು," ನಬೀಸಾ ಅಂಗೈ ಚಾಚಿದರು. ಪೆನ್ನಿನಲ್ಲಿ ಬರೆದ ಮೊಬೈಲ್ ನಂಬರು ಬೆವರಿಗೆ ಅರ್ಧ ಮಾಸಿತ್ತು. "ಕಾಂತಿಯದ್ದು. ಅಳಿಸಿ ಹೋಗುವ ಮೊದಲು ನನ್ನ ಫೋನಿಗೆ ಹಾಕು."

ಶಬ್ನಾ ಆ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದೇ ಅಂಕೆಯನ್ನು ಬಿಡಿಸಿ ಓದತೊಡಗಿದಳು.