ಸಹ್ರುಲನ ಗದ್ದೆಯಲ್ಲಿ ಕಟ್ಟಿದ ಮನೆ

ಇಂಗ್ಲೆಂಡಿನ ಲೆಸ್ಟರಿನಲ್ಲಿ ನಮ್ಮ ಕನ್ನಡದ ಡಾಕ್ಟರುಗಳು ನಾಲ್ಕು ಜನ ಸೇರಿದರೆ ಮೊದಲು ಆಸ್ಪತ್ರೆಯ ಡ್ಯೂಟಿ ಪಟ್ಟಿಯನ್ನು ಬೈಯುತ್ತಾರೆ. ಆಮೇಲೆ ಮನೆಗೆ ಕಟ್ಟುವ ಕೌನ್ಸಿಲ್ ಟ್ಯಾಕ್ಸನ್ನು ಬೈಯುತ್ತಾರೆ. ಊಟ ಮಜ್ಜಿಗೆಗೆ ಬರುವ ಹೊತ್ತಿಗೆ ಸೈಟಿನ ಮಾತು ಶುರುವಾಗುತ್ತದೆ. ಯಾವ ದೇಶಕ್ಕೆ ಬಂದರೂ ಈ ಚಟ ನಮ್ಮನ್ನು ಬಿಡಲಿಲ್ಲ.

ಈ ಸಲದ ಯುಗಾದಿ ಊಟದಲ್ಲಿಯೂ ಹಾಗೇ ಆಯಿತು. ರಂಗನಾಥ ಎಂಬ ಸೈಟ್ ದಲ್ಲಾಳಿ ಎದ್ದು ನಿಂತು ಎಲ್ಲರಿಗೂ ಒಂದು ವಿಡಿಯೋ ತೋರಿಸಿದ. ಇಂಡೋನೇಷ್ಯಾದ ಲೊಂಬೊಕ್ ದ್ವೀಪದ ಒಂದು ಹಳ್ಳಿ. ಹಸಿರು ಗದ್ದೆ, ತೆಂಗಿನ ಮರ, ಅದರಾಚೆ ಸಮುದ್ರ. "ಇಲ್ಲಿ ಕಾರ್ ನಿಲ್ಲಿಸೋ ಗ್ಯಾರೇಜಿನ ದುಡ್ಡಿಗೆ ಅಲ್ಲಿ ಬಂಗಲೆ ಬರುತ್ತೆ ಸಾರ್. ಚಳಿ ಇಲ್ಲ, ಅನ್ನ ಸಾರು ತಿನ್ನೋರ ಊರು" ಎಂದ. ರಂಗನಾಥ ನಮ್ಮವನು, ಕನ್ನಡದಲ್ಲಿ ಮಾತಾಡುತ್ತಾನೆ. ಅವನನ್ನು ನಂಬಲು ನಮ್ಮ ಡಾಕ್ಟರುಗಳಿಗೆ ಅಷ್ಟು ಸಾಕಾಯಿತು.

ಎಲ್ಲರಿಗಿಂತ ಹೆಚ್ಚು ಮರುಳಾದವರು ಡಾಕ್ಟರ್ ಹಾಲಪ್ಪ. ದಾವಣಗೆರೆ ಕಡೆಯವರು, ಓಡ್‌ಬಿಯಲ್ಲಿ ಜಿಪಿ, ಅಂದರೆ ಸುತ್ತಲಿನ ಜನ ಮೊದಲು ಹೋಗುವ ಡಾಕ್ಟರು. ಹೋದ ಚಳಿಗಾಲ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡರು. ಅಂದಿನಿಂದ ಅವರಿಗೆ ಇಲ್ಲಿನ ಮೋಡ ಕಂಡರೆ ಆಗುವುದಿಲ್ಲ. ರಂಗನಾಥನಿಗೆ ಮುಂಗಡ ಕೊಟ್ಟರು. ಉಳಿದ ಹಣಕ್ಕೆ ತಾವು ವಾಸವಾಗಿದ್ದ ಮನೆಯನ್ನೇ ಮಾರಾಟಕ್ಕಿಟ್ಟರು. ಕೊಳ್ಳುವವರೂ ಸಿಕ್ಕರು. ಮುಂದಿನ ವಾರ ಕರಾರಿಗೆ ಸಹಿ ಬಿದ್ದರೆ ಮನೆ ಹೋದ ಹಾಗೆಯೇ.

ಅವರ ಹೆಂಡತಿ ಉಮಾಗೆ ಊಟ ಸೇರುತ್ತಿರಲಿಲ್ಲ. "ರೀ, ಇರೋ ಒಂದೇ ಮನೆ. ಗೊತ್ತಿಲ್ಲದ ಊರು. ಇನ್ನೊಂದ್ಸಲ ಯೋಚನೆ ಮಾಡಿ" ಎಂದು ಹೇಳಿ ಹೇಳಿ ಸೋತರು. ಕೊನೆಗೆ ಮ್ಯಾಂಚೆಸ್ಟರಿನ ವಿದನ್‌ಶಾದಲ್ಲಿರುವ ರಾಜೇಶ್ವರಿಯವರಿಗೆ ಫೋನ್ ಮಾಡಿ, "ಅಕ್ಕ, ಒಂದ್ಸಲ ಬಂದು ಹೋಗಿ. ನನ್ನ ಮಾತು ಇವರು ಕೇಳ್ತಿಲ್ಲ" ಎಂದರು.

ರಾಜೇಶ್ವರಿಯವರ ಗಂಡ ರಾಮಚಂದ್ರ ಹೆಸರಾಂತ ಹೃದಯದ ಡಾಕ್ಟರಾಗಿದ್ದರು. ನಿವೃತ್ತಿಯಾದ ಮೇಲೆ ಗಂಡ ಹೆಂಡತಿ ಮನೆ ಮಾರಿ ಅದೇ ದ್ವೀಪಕ್ಕೆ ಹೋಗಿದ್ದರು. ಹಿಂದಿರುಗಿದ್ದು ರಾಜೇಶ್ವರಿ ಒಬ್ಬರೇ. ಈಗ ಮಗಳ ಮನೆಯ ಸಣ್ಣ ಕೋಣೆಯಲ್ಲಿದ್ದಾರೆ. ಅಲ್ಲಿ ನಡೆದದ್ದನ್ನು ಅವರು ಯಾರಿಗೂ ಹೇಳಿರಲಿಲ್ಲ. ಉಮಾ ಕರೆದದ್ದಕ್ಕೆ ಭಾನುವಾರ ರೈಲು ಹತ್ತಿ ಬಂದರು.

ಚಿತ್ರಾನ್ನದ ತಟ್ಟೆ ಕೈಗೆ ಬರುವ ಮೊದಲೇ ಹಾಲಪ್ಪ ವಾದಕ್ಕೆ ಇಳಿದರು.

"ನೀವು ಯಾಕೆ ಬಂದಿದ್ದೀರ ಅಂತ ಗೊತ್ತು ಅಕ್ಕ. ಹೆದರಿಸ್ಬೇಡಿ. ನಾನು ಎಲ್ಲಾ ವಿಚಾರಿಸಿದ್ದೀನಿ."

"ಜಮೀನು ಯಾರ ಹೆಸರಲ್ಲಿ ಆಗುತ್ತೆ ಡಾಕ್ಟ್ರೇ?"

"ಆ ಹಳ್ಳಿಯ ಒಬ್ಬರ ಹೆಸರಲ್ಲಿ. ಹೊರದೇಶದವರ ಹೆಸರಿಗೆ ಅಲ್ಲಿ ಮಾಡಲ್ವಂತೆ. ಅದಕ್ಕೇನಂತೆ? ನಮ್ಮೊಳಗೆ ಬೇರೆ ಒಪ್ಪಂದ ಇರುತ್ತೆ. ಹಿಂದೆ ನಾವು ವಿದೇಶದಲ್ಲಿರೋರು, ಊರಲ್ಲಿ ಹೊಲ ತಗೋಳೋ ಹಾಗಿಲ್ಲ ಅಂದಾಗ ಉಮಾಳ ತಮ್ಮನ ಹೆಸರಲ್ಲಿ ತಗೊಂಡಿದ್ವಿ. ಇವತ್ತಿಗೂ ಆ ಹುಡುಗ ಒಂದು ಮಾತು ಆಡಿಲ್ಲ."

ನಮ್ಮವರು ಎಡವುವುದು ಇಲ್ಲಿಯೇ. ಬೆಂಗಳೂರಿನ ಸುತ್ತ ಕಂದಾಯ ಸೈಟು, ಪವರ್ ಆಫ್ ಅಟಾರ್ನಿ, ಭಾವಮೈದುನನ ಹೆಸರು ಎಂದು ದಾಟಿ ಬಂದವರಿಗೆ ಕಾನೂನು ಎಂದರೆ ಸುತ್ತಿ ಹೋಗುವ ಗುಂಡಿ. ಒಮ್ಮೆ ದಾಟಿದ್ದೇವೆ, ಎಲ್ಲಿ ಬೇಕಾದರೂ ದಾಟುತ್ತೇವೆ ಎಂಬ ಧೈರ್ಯ. ಕೇಳಿದರೆ ನನಗೆ ಮೈ ಉರಿಯುತ್ತದೆ.

ರಾಜೇಶ್ವರಿಯವರಿಗೆ ಸಿಟ್ಟು ಬರಲಿಲ್ಲ. "ನಮ್ಮನೆಯವರೂ ಇದೇ ಮಾತು ಹೇಳಿದ್ರು" ಎಂದರು. "ನಮ್ಮ ಜಮೀನು ಇದ್ದದ್ದು ಸಹ್ರುಲ್ ಅನ್ನೋನ ಹೆಸರಲ್ಲಿ. ಅವರಪ್ಪನ ಕಾಲದಿಂದ ಅವರದ್ದೇ ಗದ್ದೆ ಅದು."

"ಅವನು ಮೋಸ ಮಾಡಿದ. ಅಷ್ಟೇ ತಾನೆ?"

"ಇಲ್ಲ ಡಾಕ್ಟ್ರೇ. ಸಹ್ರುಲ್ ಒಳ್ಳೆ ಮನುಷ್ಯ. ಗದ್ದೆಯಿಂದ ಹೊಟ್ಟೆ ತುಂಬ್ತಿರಲಿಲ್ಲ. ಮಗ ಮಲೇಷ್ಯಾಕ್ಕೆ ಕೂಲಿಗೆ ಹೋಗಿದ್ದ. ನಮಗೆ ಜಾಗ ಕೊಡಿಸಿದ ಏಜೆಂಟ್ ಅವನ ಹತ್ರ ಬಂದು, ಗದ್ದೆ ಬಿಟ್ಕೊಡು, ಅಲ್ಲಿ ಮನೆ ಕಟ್ಟೋರ ಹತ್ರಾನೇ ತೋಟದ ಕೆಲಸ ಕೊಡಿಸ್ತೀನಿ, ಸಾಯೋವರೆಗೂ ಸಂಬಳ ಬರುತ್ತೆ ಅಂದ. ಪಾಪ, ಒಪ್ಪಿದ. ತನ್ನ ಗದ್ದೇಲೇ ನಮಗೆ ಹುಲ್ಲು ಕತ್ತರಿಸ್ಕೊಂಡು ಇದ್ದ. ನಮ್ಮಂಥ ಬಂಗಲೆ ಸುಮಾರಾದ್ವು. ಎಲ್ಲರೂ ಬೋರ್ ಹಾಕಿಸಿದ್ರು. ಹಳ್ಳಿಯ ಬಾವಿಗಳು ಒಣಗಿದ್ವು. ಸಹ್ರುಲನ ಹೆಂಡತಿ ನೀರು ಹೊತ್ಕೊಂಡು ನಮ್ಮ ಗೇಟಿನ ಮುಂದೇನೇ ಹೋಗ್ತಿದ್ಲು."

ಉಮಾ ತಟ್ಟೆಯನ್ನು ಕೆಳಗಿಟ್ಟರು.

"ಒಂದು ಮಳೆಗಾಲದಲ್ಲಿ ಸಹ್ರುಲ್ ಜ್ವರ ಬಂದು ತೀರಿಹೋದ. ಮಗ ವಾಪಸ್ ಬಂದ. ನಮ್ಮ ಜಗಲಿ ಮೇಲೆ ಕೂತು ಮರ್ಯಾದೆಯಾಗೇ ಕೇಳಿದ, ನಮ್ಮಪ್ಪನ ಗದ್ದೆಯಿಂದ ಯಾವಾಗ ಹೋಗ್ತೀರ ಅಂತ. ಪಟ್ಟಣಕ್ಕೆ ಹೋಗಿ ವಕೀಲರನ್ನ ಕೇಳಿದ್ವಿ. ದಾಖಲೆಯಲ್ಲಿ ಅವರಪ್ಪನ ಹೆಸರಿದೆ, ನಿಮ್ಮ ಒಳ ಒಪ್ಪಂದ ಕೋರ್ಟಿನಲ್ಲಿ ನಿಲ್ಲಲ್ಲ ಅಂದ್ರು. ಮನೆ ಬಿಟ್ಟು ಎಲ್ಲಿಗೆ ಹೋಗೋದು ಅಂತ ನಮ್ಮನೆಯವರು ಊಟ ನಿದ್ದೆ ಬಿಟ್ರು. ಒಂದಿನ ಬೆಳಿಗ್ಗೆ ಎದೆ ಹಿಡ್ಕೊಂಡು ಕೂತ್ರು. 'ರಾಜಿ, ಇದು ಹೃದಯದ್ದೇ. ಹೊತ್ತು ಕಮ್ಮಿ ಇದೆ' ಅಂದ್ರು. ಅವರಿಗೆ ಗೊತ್ತಾಗಲ್ವಾ?"

"ಆಸ್ಪತ್ರೆ?" ಹಾಲಪ್ಪನವರ ದನಿ ಇಳಿದಿತ್ತು.

"ಹಳ್ಳೀಲಿ ಆರೋಗ್ಯ ಕೇಂದ್ರ ಇತ್ತು. ನರ್ಸ್ ಓಡಿ ಬಂದ್ಲು. ಅವಳ ಹತ್ರ ಇದ್ದದ್ದು ಬಿಪಿ ಮಿಷನ್ನು, ಒಂದಷ್ಟು ಮಾತ್ರೆ. ದೊಡ್ಡ ಆಸ್ಪತ್ರೆ ಇರೋದು ಪಟ್ಟಣದಲ್ಲಿ, ರಸ್ತೆ ಮಳೆಗೆ ಕುಸಿದಿತ್ತು. ಒಂದು ಪಿಕಪ್ ಗಾಡೀಲಿ ಮಲಗಿಸ್ಕೊಂಡು ಸುತ್ತು ದಾರೀಲಿ ಹೊರಟ್ವಿ. ಓಡಿಸಿದ್ದು ಸಹ್ರುಲನ ಮಗನೇ. ಅಳ್ತಾ ಓಡಿಸ್ದ. ದಾರೀಲೇ ಹೋಗ್ಬಿಟ್ರು."

ಉಮಾ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಆದರೂ ಹಾಲಪ್ಪ ಪಟ್ಟು ಬಿಡಲಿಲ್ಲ. ಮನಸ್ಸಿನಲ್ಲಿ ಮನೆ ಕಟ್ಟಿ, ಗೃಹಪ್ರವೇಶ ಮಾಡಿ, ಜಗಲಿಯಲ್ಲಿ ಕಾಫಿಯನ್ನೂ ಕುಡಿದಿದ್ದ ಮನುಷ್ಯ. "ಕೇಳಿ ಬಹಳ ಬೇಜಾರಾಯ್ತು ಅಕ್ಕ. ಆದ್ರೆ ರಂಗನಾಥ ಪತ್ರಗಳನ್ನ ಗಟ್ಟಿಯಾಗಿ ಮಾಡಿಸ್ತಾನೆ" ಎಂದರು.

ರಾಜೇಶ್ವರಿ ಕುರ್ಚಿ ಎಳೆದುಕೊಂಡು ಅವರ ಎದುರಿಗೇ ಕುಳಿತರು.

"ಡಾಕ್ಟ್ರೇ, ನಿಮ್ಮ ತಂದೆಯವರಿಗೆ ಹೊಲ ಇತ್ತಲ್ಲ?"

"ಇತ್ತು. ಭದ್ರಾ ಕಾಲುವೆ ಕೆಳಗೆ."

"ಇಂಡೋನೇಷ್ಯಾದಿಂದ ಯಾರೋ ಬಂದು, ನಿಮ್ಮ ತಂದೆಗೆ ದುಡ್ಡು ಕೊಟ್ಟು, ಆ ಹೊಲದಲ್ಲಿ ಬಂಗಲೆ ಕಟ್ಕೊಂಡ ಅಂತ ಇಟ್ಕೊಳ್ಳಿ. ಪಹಣಿಯಲ್ಲಿ ಮಾತ್ರ ನಿಮ್ಮ ತಂದೆ ಹೆಸರೇ ಇದೆ. ತಂದೆ ಹೋದ್ರು. ಆಗ ನೀವು ಏನು ಮಾಡ್ತಿದ್ರಿ?"

ಹಾಲಪ್ಪ ಯೋಚಿಸಲೇ ಇಲ್ಲ. "ಪೌತಿ ಖಾತೆ ಮಾಡಿಸ್ತಿದ್ದೆ. ನನ್ನ ಹೆಸರಿಗೆ."

ಹೇಳಿದ ಮೇಲೆ ಅವರಿಗೇ ಅದು ಕೇಳಿಸಿತು.

"ಸಹ್ರುಲನ ಮಗ ಮಾಡಿದ್ದೂ ಅದನ್ನೇ" ಎಂದರು ರಾಜೇಶ್ವರಿ. "ಅವನ ಮೇಲೆ ನನಗೆ ಕೋಪ ಇಲ್ಲ."

ಹಾಲಪ್ಪ ಫೋನ್ ತೆಗೆದುಕೊಂಡು ರಂಗನಾಥನಿಗೆ ಮಾಡಿದರು.

"ರಂಗನಾಥ, ನನ್ನ ಜಾಗ ಯಾರ ಹೆಸರಲ್ಲಿ ಇರುತ್ತೆ ಅಂದೆಯಲ್ಲ, ಅವರಿಗೆ ಮಕ್ಕಳಿದ್ದಾರಾ?"

"ಅದನ್ನ ಕೇಳಿಲ್ಲ ಸಾರ್. ಅದ್ಯಾಕೆ ಬೇಕು ಬಿಡಿ?"

"ಅಲ್ಲಿಂದ ಹೃದಯದ ಆಸ್ಪತ್ರೆ ಎಷ್ಟು ದೂರ?"

"ಸಾರ್, ಒಳ್ಳೆ ಕೆಲಸಕ್ಕೆ ಮುಂಚೆ ಆಸ್ಪತ್ರೆ ಮಾತು ಯಾಕೆ? ಬಂದ್ಮೇಲೆ ಎಲ್ಲಾ ಅಡ್ಜಸ್ಟ್ ಆಗುತ್ತೆ."

"ನನಗೆ ಬೇಡಪ್ಪ" ಎಂದು ಹಾಲಪ್ಪ ಫೋನ್ ಇಟ್ಟರು. ಉಮಾ ಕಡೆ ನೋಡಿ, "ನಾಳೆ ಬೆಳಿಗ್ಗೆ ಸಾಲಿಸಿಟರ್‌ಗೆ ಹೇಳ್ತೀನಿ. ಮನೆ ಮಾರೋದಿಲ್ಲ" ಎಂದರು. ಉಮಾ ಅಲ್ಲಿಯೇ ಕುಳಿತು ಜೋರಾಗಿ ಅತ್ತುಬಿಟ್ಟರು.

ಕೊಟ್ಟ ಮುಂಗಡ ಹೋಯಿತು, ಅದು ವಾಪಸ್ ಬರುವುದಿಲ್ಲ. ಮನೆ ಉಳಿಯಿತು. ಆದರೆ ಯುಗಾದಿ ಊಟದ ಪಂಕ್ತಿಯಲ್ಲಿ ಹಾಲಪ್ಪನವರ ಪಕ್ಕ ಕುಳಿತಿದ್ದ ಚಿದಾನಂದ ಮತ್ತು ವಾಸಂತಿ ದಂಪತಿ ಅಷ್ಟರಲ್ಲಿ ತಮ್ಮ ಮನೆ ಮಾರಿ ಲೊಂಬೊಕ್‌ಗೆ ಹೊರಟಿದ್ದರು. ವಿಷಯ ತಿಳಿದು ರಾಜೇಶ್ವರಿ ಅವರಿಗೆ ಫೋನ್ ಮಾಡುವ ಹೊತ್ತಿಗೆ ವಿಮಾನ ಹತ್ತಿ ಆಗಿತ್ತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇಂಥ ವಿಡಿಯೋ ನಿಮ್ಮ ಫೋನಿಗೂ ಬಂದಿರುತ್ತದೆ. ದಯವಿಟ್ಟು ಆತುರಪಡಬೇಡಿ. ಇಂಡೋನೇಷ್ಯಾದಲ್ಲಿ ವಿದೇಶಿಯರಿಗೆ ಜಮೀನಿನ ಪೂರ್ಣ ಒಡೆತನ ಸಿಗುವುದಿಲ್ಲ. ಕಾನೂನು ಒಪ್ಪುವುದು ಗುತ್ತಿಗೆ ಅಥವಾ ಬಳಕೆಯ ಹಕ್ಕನ್ನು, ಅದೂ ಇಷ್ಟು ವರ್ಷ ಎಂಬ ಲೆಕ್ಕಕ್ಕೆ. ಅಲ್ಲಿಯವರ ಹೆಸರಿನಲ್ಲಿ ಕೊಂಡು ಒಳಗೊಳಗೆ ಒಪ್ಪಂದ ಮಾಡಿಕೊಳ್ಳೋಣ ಎಂದು ಯಾರಾದರೂ ಹೇಳಿದರೆ, ಅವರು ಕನ್ನಡದಲ್ಲಿಯೇ ಹೇಳಲಿ, ನಿಮ್ಮ ನೆಂಟರೇ ಆಗಿರಲಿ, ಎದ್ದು ಬನ್ನಿ. ಮಾರುವವರು ತೋರಿಸಿದ ವಕೀಲರನ್ನು ಬಿಟ್ಟು ನೀವೇ ಬೇರೆಯವರನ್ನು ಹಿಡಿದು ವಿಚಾರಿಸಿ. ಆ ಜಾಗದಲ್ಲಿ ಮನೆ ಕಟ್ಟಲು ಅನುಮತಿ ಇದೆಯೇ, ನೀರು ಎಲ್ಲಿಂದ ಬರುತ್ತದೆ, ಮಳೆಗಾಲದಲ್ಲಿ ಆಸ್ಪತ್ರೆಗೆ ದಾರಿ ಇದೆಯೇ ಎಂದು ಕೇಳಿ. ಮೊದಲು ಆ ಗದ್ದೆ ಯಾರದ್ದಾಗಿತ್ತು, ಅವರು ಈಗ ಏನು ತಿನ್ನುತ್ತಾರೆ ಎಂದೂ ಕೇಳಿ.

ಆ ಭಾನುವಾರ ಸಂಜೆ ಉಮಾ ರಾಜೇಶ್ವರಿಯವರ ಕೈ ಹಿಡಿದು, "ಅಷ್ಟು ನೋವಿನ ಮಾತು ನಮಗೋಸ್ಕರ ಹೇಳಿದ್ರಲ್ಲ ಅಕ್ಕ" ಎಂದರು. ರಾಜೇಶ್ವರಿ ಕೋಟು ಹಾಕಿಕೊಳ್ಳುತ್ತ, "ನಮಗೆ ಹೇಳೋಕೆ ಯಾರೂ ಬರ್ಲಿಲ್ಲ ಉಮಾ" ಎಂದರು.

ನೀವು ಇದನ್ನು ಓದಿದ್ದೀರಿ. ನಿಮಗೆ ಗೊತ್ತಿರುವ ಒಬ್ಬರಿಗೆ ಇವತ್ತೇ ಹೇಳಿ.